ಜ್ವರವಿಲ್ಲ, ಕೆಮ್ಮಿಲ್ಲ, ಆದರೂ ನ್ಯುಮೋನಿಯಾ: ಕರಾವಳಿಯ ಮನೆಗಳಿಗೊಂದು ಮಾರ್ಗದರ್ಶಿ

ಮಳೆಗಾಲ ಹಿಡಿಯಿತೆಂದರೆ ಮಂಗಳೂರು, ಉಡುಪಿ ಕಡೆಯ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. “ಅಮ್ಮನಿಗೆ ಜ್ವರವೇ ಇರಲಿಲ್ಲ, ಎರಡು ದಿನ ಮಂಕಾಗಿದ್ದರು ಅಷ್ಟೇ. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಅಂದರು, ಅದು ಹೇಗೆ?” “ಮಗನಿಗೆ ಹೊಟ್ಟೆನೋವು ಅಂತ ಕರಕೊಂಡು ಹೋದರೆ ಎದೆಯ ಎಕ್ಸ್‌ರೇ ಯಾಕೆ ತೆಗೆಸಿದರು?” “ಆ್ಯಂಟಿಬಯಾಟಿಕ್ ಕೋರ್ಸ್ ಮುಗಿದರೂ ಕಡಿಮೆಯಾಗಿಲ್ಲ, ಇನ್ನೇನು ಮಾಡುವುದು?”

ಶ್ವಾಸಕೋಶದ ತುದಿಯಲ್ಲಿರುವ ಪುಟ್ಟ ಗಾಳಿಚೀಲಗಳಿಗೆ ಸೋಂಕು ತಗಲಿ, ಗಾಳಿ ಇರಬೇಕಾದಲ್ಲಿ ಕೀವು, ನೀರು ತುಂಬಿಕೊಳ್ಳುವುದೇ ನ್ಯುಮೋನಿಯಾ. ಅದಕ್ಕೆ ಕಾರಣ ಬ್ಯಾಕ್ಟೀರಿಯಾ ಇರಬಹುದು, ವೈರಸ್ ಇರಬಹುದು, ಶಿಲೀಂಧ್ರ ಇರಬಹುದು, ದಾರಿ ತಪ್ಪಿ ಶ್ವಾಸನಾಳಕ್ಕಿಳಿದ ಊಟವೂ ಇರಬಹುದು. ಹಾಗಾಗಿ ಲಕ್ಷಣ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ರೋಗಿಯ ವಯಸ್ಸೆಷ್ಟು, ಶ್ವಾಸಕೋಶದ ಯಾವ ಭಾಗಕ್ಕೆ ತಗಲಿದೆ, ಯಾವ ರೋಗಾಣು ಎಂಬುದರ ಮೇಲೆ ಅದು ಬದಲಾಗುತ್ತದೆ.

ವೈದ್ಯರು ಎಷ್ಟೇ ಅನುಭವಿಗಳಾಗಿರಲಿ, ಎರಡು ವಿಷಯ ಅವರಿಗೆ ಮನೆಯವರಿಂದಲೇ ಗೊತ್ತಾಗಬೇಕು: ಮನೆಯಲ್ಲಿ ಸುಮ್ಮನಿದ್ದಾಗ ರೋಗಿಯ ಉಸಿರು ನಿಮಿಷಕ್ಕೆ ಎಷ್ಟಿತ್ತು, ಮತ್ತು ಕಳೆದ ಕೆಲವು ವಾರ ಆ ವ್ಯಕ್ತಿ ಎಲ್ಲೆಲ್ಲಿ, ಏನೇನು ಕೆಲಸ ಮಾಡಿದ್ದರು. ಕೆಳಗಿನ ಹಂತಗಳಲ್ಲಿ ಹೆಚ್ಚಿನ ಒತ್ತು ಇವೆರಡಕ್ಕೇ.

ಓದುವುದನ್ನು ನಿಲ್ಲಿಸಿ 108ಕ್ಕೆ ಕರೆ ಮಾಡಬೇಕಾದ ಸ್ಥಿತಿ

ತುಟಿಯ ಒಳಭಾಗ ಅಥವಾ ನಾಲಿಗೆ ನೀಲಿಗಟ್ಟಿದ್ದರೆ, ಒಂದು ವಾಕ್ಯವನ್ನು ಒಂದೇ ಉಸಿರಿಗೆ ಹೇಳಲಾಗದಿದ್ದರೆ, ದೊಡ್ಡವರ ಉಸಿರು ನಿಮಿಷಕ್ಕೆ 30 ಅಥವಾ ಹೆಚ್ಚಿದ್ದರೆ, ಆಕ್ಸಿಜನ್ 90ಕ್ಕಿಂತ ಕೆಳಗಿದ್ದರೆ, ಬಿಪಿಯ ಮೇಲಿನ ಅಂಕಿ 90ಕ್ಕಿಂತ ಕಡಿಮೆಯಿದ್ದರೆ, ಮಾತು ತಪ್ಪುತ್ತಿದ್ದರೆ, ಕಫದಲ್ಲಿ ರಕ್ತ ಬೀಳುತ್ತಿದ್ದರೆ ತಡ ಮಾಡಬೇಡಿ. ಮಗು ಹಾಲು, ನೀರು ಏನೂ ಕುಡಿಯುತ್ತಿಲ್ಲ, ಎಬ್ಬಿಸಿದರೂ ಏಳುತ್ತಿಲ್ಲ, ಅಪಸ್ಮಾರ ಬಂದಿದೆ, ಉಸಿರು ಬಿಡುವಾಗಲೆಲ್ಲ ನರಳುವ ಸದ್ದು ಬರುತ್ತಿದೆ ಎಂದಾದರೂ ಹಾಗೆಯೇ.

ಬೇಕಾಗುವ ಸಾಮಾನು

ಸೆಕೆಂಡ್ ಮುಳ್ಳಿನ ಗಡಿಯಾರ ಅಥವಾ ಮೊಬೈಲಿನ ಸ್ಟಾಪ್‌ವಾಚ್, ಡಿಜಿಟಲ್ ಥರ್ಮಾಮೀಟರ್, ಪಲ್ಸ್ ಆಕ್ಸಿಮೀಟರ್, ಒಂದು ನೋಟ್‌ಬುಕ್. ಕೋವಿಡ್ ಸಮಯದಲ್ಲಿ ಕೊಂಡ ಆಕ್ಸಿಮೀಟರ್ ಕಪಾಟಿನಲ್ಲಿದ್ದರೆ ಬ್ಯಾಟರಿ ಸೋರಿದೆಯೇ ನೋಡಿ, ಮೊದಲು ನಿಮ್ಮ ಬೆರಳಿಗೇ ಹಾಕಿ ಪರೀಕ್ಷಿಸಿ. ಬಿಪಿ ಯಂತ್ರ, ಸಕ್ಕರೆ ನೋಡುವ ಗ್ಲುಕೋಮೀಟರ್ ಇದ್ದರೆ ಒಳ್ಳೆಯದು.

1. ಮೊದಲು ಉಸಿರು ಎಣಿಸಿ

ಥರ್ಮಾಮೀಟರ್ ಸುಳ್ಳು ಭರವಸೆ ಕೊಡಬಹುದು, ಪ್ಯಾರಾಸಿಟಮಾಲ್ ನುಂಗಿದವರಲ್ಲಂತೂ ಇನ್ನೂ ಹೆಚ್ಚು. ಉಸಿರಿನ ಲೆಕ್ಕ ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ. ವಯಸ್ಸಾದವರಲ್ಲಿ ಬೇರೆ ಯಾವ ಲಕ್ಷಣವೂ ಕಾಣುವ ಮೊದಲೇ ಉಸಿರಿನ ವೇಗ ಏರುವುದುಂಟು.

ಮಗು ಮಲಗಿರುವಾಗ ಅಥವಾ ಮಡಿಲಲ್ಲಿ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಮತ್ತು ಎದೆಯ ಕೆಳಭಾಗ ಎರಡೂ ಕಾಣುವಂತೆ ಬೆಳಕಿಗೆ ತಿರುಗಿಸಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ. ಶಿಶುಗಳು ಸ್ವಲ್ಪ ಹೊತ್ತು ವೇಗವಾಗಿ ಉಸಿರಾಡಿ ಆಮೇಲೆ ನಿಧಾನವಾಗುವುದು ಸಹಜ, ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಅಳುತ್ತಿರುವ ಮಗುವಿನ ಲೆಕ್ಕ ಲೆಕ್ಕಕ್ಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳ ಮಗುವಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರಿಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ದೊಡ್ಡವರಿಗೆ 12ರಿಂದ 20 ಸಹಜ. ಸುಮ್ಮನೆ ಕುಳಿತಾಗಲೂ 25ರ ಆಸುಪಾಸಿನಲ್ಲಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ದೊಡ್ಡವರ ಉಸಿರನ್ನು ಅವರಿಗೆ ಹೇಳದೆ, ನಾಡಿ ಹಿಡಿದವರಂತೆ ಕೈ ಹಿಡಿದುಕೊಂಡು ಎಣಿಸಿ. ಎಣಿಸುತ್ತಿದ್ದೀರಿ ಎಂದು ಗೊತ್ತಾದರೆ ಉಸಿರಿನ ಲಯವೇ ಬದಲಾಗುತ್ತದೆ.

ಎಣಿಸುವಾಗಲೇ ಪಕ್ಕೆ ಸೆಳೆತವನ್ನೂ ನೋಡಿಕೊಳ್ಳಿ. ಉಸಿರು ಎಳೆದಾಗ ಎದೆ ಹೊರಗೆ ಉಬ್ಬಬೇಕು. ಅದರ ಬದಲು ಪಕ್ಕೆಲುಬಿನ ಕೆಳಗಿನ ಅಂಚು ಒಳಗೆ ಗುಳಿ ಬಿದ್ದರೆ ಅದು ಪಕ್ಕೆ ಸೆಳೆತ. ಮೂಗಿನ ಹೊಳ್ಳೆ ಅರಳುವುದು, ಉಸಿರಿಗೊಮ್ಮೆ ತಲೆ ತೂಗುವುದು ಕೂಡ ಮಗು ಉಸಿರಿಗೆ ಕಷ್ಟಪಡುತ್ತಿದೆ ಎಂಬುದರ ಗುರುತು.

2. ಎದೆ ಬಿಟ್ಟು ಬೇರೆಡೆ ಕಾಣುವ ಲಕ್ಷಣ ಗಮನಿಸಿ

ಅಜ್ಜ, ಅಜ್ಜಿಯರಲ್ಲಿ: ಇದ್ದಕ್ಕಿದ್ದಂತೆ ಗೊಂದಲ, ಹಗಲು ರಾತ್ರಿ ಗೊತ್ತಾಗದಿರುವುದು, ಊಟ ಬೇಡವೆನ್ನುವುದು, ನಿನ್ನೆಯವರೆಗೆ ನಡೆಯುತ್ತಿದ್ದವರು ಬಚ್ಚಲಲ್ಲಿ ಬೀಳುವುದು, ಮೂತ್ರ ಹಿಡಿತ ತಪ್ಪುವುದು. ಜ್ವರ ಇಲ್ಲದಿರಬಹುದು, ಮೈ ತಣ್ಣಗೇ ಇರಬಹುದು. ವಯಸ್ಸಾದ ದೇಹಕ್ಕೆ ಸೋಂಕಿನ ವಿರುದ್ಧ ಜ್ವರ ಏರಿಸುವ ಶಕ್ತಿ ಕುಗ್ಗಿರುತ್ತದೆ, ಕೆಮ್ಮಿ ಕಫ ತೆಗೆಯುವ ಶಕ್ತಿಯೂ ಅಷ್ಟೆ. ಇಲ್ಲಿ ಹೆಚ್ಚಾಗಿ ಆಗುವ ತಪ್ಪು “ಪ್ರಾಯ ಆಯಿತಲ್ಲ, ಅರುಳುಮರುಳು” ಎಂದು ಬಿಟ್ಟುಬಿಡುವುದು. ಅರುಳುಮರುಳು ವರ್ಷಗಟ್ಟಲೆ ತೆಗೆದುಕೊಂಡು ಬರುತ್ತದೆ. ಎರಡೇ ದಿನದಲ್ಲಿ ಬಂದ ಗೊಂದಲಕ್ಕೆ ಬೇರೆ ಕಾರಣ ಇದ್ದೇ ಇರುತ್ತದೆ, ಅದನ್ನು ಹುಡುಕಲೇಬೇಕು.

ಸಕ್ಕರೆ ಕಾಯಿಲೆಯವರಲ್ಲಿ: ಊಟ, ಮಾತ್ರೆ ಎಲ್ಲ ಮೊದಲಿನಂತೆಯೇ ಇದ್ದು ಸಕ್ಕರೆ ಮಾತ್ರ ಒಮ್ಮೆಲೇ ಏರಿದ್ದರೆ ದೇಹದಲ್ಲಿ ಎಲ್ಲೋ ಸೋಂಕಿದೆ ಎಂದು ಅನುಮಾನಿಸಿ.

ಹೊಟ್ಟೆನೋವು, ಭುಜದ ನೋವು: ಶ್ವಾಸಕೋಶದ ಕೆಳತುದಿ ವಪೆಯ ಮೇಲೆ ಕೂತಿರುತ್ತದೆ. ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯೇ ವಪೆ. ಅಲ್ಲಿ ಸೋಂಕಾದರೆ ನೋವು ಹೊಟ್ಟೆಯಲ್ಲಿ ಕಾಣುತ್ತದೆ. ಮಕ್ಕಳಲ್ಲಿ ಇದು ಅಪೆಂಡಿಸೈಟಿಸ್ ಎಂದೇ ಅನಿಸುವಷ್ಟು ಜೋರಾಗಿರಬಹುದು. ವಪೆಗೆ ಹೋಗುವ ನರ ಕುತ್ತಿಗೆಯಿಂದ ಹೊರಡುವುದರಿಂದ ಭುಜದ ತುದಿಯಲ್ಲೂ ನೋವು ಬರುತ್ತದೆ, ಕೆಲವರಿಗೆ ಬಿಕ್ಕಳಿಕೆ ನಿಲ್ಲುವುದಿಲ್ಲ. ಹೊಟ್ಟೆನೋವಿನ ಜೊತೆಗೆ ಉಸಿರೂ ವೇಗವಾಗಿದ್ದರೆ ವೈದ್ಯರಿಗೆ ಅದನ್ನೇ ಮೊದಲು ಹೇಳಿ.

ಭೇದಿ, ತಲೆನೋವು, ಮೈಕೈ ನೋವೇ ಮುಂದಾಗಿ ಕೆಮ್ಮು ಹಿಂದೆ ಬೀಳುವ ನ್ಯುಮೋನಿಯಾಗಳೂ ಇವೆ. ಶಾಲೆ, ಹಾಸ್ಟೆಲ್ ವಯಸ್ಸಿನವರಲ್ಲಿ ಮೈಕೋಪ್ಲಾಸ್ಮಾ ಎಂಬ ರೋಗಾಣು ತರುವ ನ್ಯುಮೋನಿಯಾದಲ್ಲಿ ಒಣಕೆಮ್ಮು ವಾರಗಟ್ಟಲೆ ಎಳೆಯುತ್ತದೆ, ರೋಗಿ ಓಡಾಡಿಕೊಂಡೇ ಇರುತ್ತಾರೆ, ಕೆಲವರಿಗೆ ಮೈಮೇಲೆ ದದ್ದು ಏಳುತ್ತದೆ. ಈ ರೋಗಾಣುವಿಗೆ ಕೋಶಭಿತ್ತಿ, ಅಂದರೆ ಗಟ್ಟಿ ಹೊರಗೋಡೆಯೇ ಇಲ್ಲ. ಕೋಶಭಿತ್ತಿಯನ್ನು ಒಡೆದು ಕೆಲಸ ಮಾಡುವ ಅಮಾಕ್ಸಿಸಿಲಿನ್‌ನಂಥ ಔಷಧ ಇದರ ಮೇಲೆ ನಾಟುವುದಿಲ್ಲ. ಮನೆಯಲ್ಲಿ ಉಳಿದಿದ್ದ ಮಾತ್ರೆ ನುಂಗಿ “ಏನೂ ಪ್ರಯೋಜನವಾಗಲಿಲ್ಲ” ಎನ್ನುವವರಲ್ಲಿ ಇವರೂ ಇರುತ್ತಾರೆ.

3. ಆಕ್ಸಿಮೀಟರ್ ಸರಿಯಾಗಿ ಹಾಕಿ

ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಉಗುರುಬಣ್ಣ ತೆಗೆಯಿರಿ, ಮದರಂಗಿ ಹಚ್ಚಿದ ಬೆರಳು ಬಿಟ್ಟು ಬೇರೆ ಬೆರಳಿಗೆ ಹಾಕಿ. ಐದು ನಿಮಿಷ ಕೂತ ಮೇಲೆ, ಅಂಕಿ ಒಂದು ಕಡೆ ನಿಂತ ನಂತರ ಬರೆದುಕೊಳ್ಳಿ. 95ರಿಂದ 100 ಸಹಜ. 94 ಅಥವಾ ಕಡಿಮೆ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ. 92ಕ್ಕಿಂತ ಕೆಳಗಿದ್ದರೆ ನೇರ ಆಸ್ಪತ್ರೆಗೆ. ಕಪ್ಪು ಚರ್ಮದವರಲ್ಲಿ ಯಂತ್ರ ಇರುವುದಕ್ಕಿಂತ ಒಂದೆರಡು ಅಂಕಿ ಹೆಚ್ಚು ತೋರಿಸಬಹುದು. ಆದ್ದರಿಂದ 95 ಇದೆ ಎಂದು ಉಸಿರಿನ ವೇಗವನ್ನು ಕಡೆಗಣಿಸಬೇಡಿ. ಬೀಡಿ, ಸಿಗರೇಟಿನಿಂದ ಹಳೆಯ ದಮ್ಮು ಇರುವವರ ಅಂಕಿ ಯಾವಾಗಲೂ ಕೆಳಗೇ ಇರಬಹುದು. ಅವರಿಗೆ ಆರೋಗ್ಯವಾಗಿದ್ದಾಗ ಎಷ್ಟಿರುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು.

4. ಕಳೆದ ಮೂರು ವಾರದ ಓಡಾಟ, ಕೆಲಸ ಬರೆಯಿರಿ

ನಮ್ಮ ಕರಾವಳಿಯ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ ಹಂತ, ಜನ ಬಿಟ್ಟುಬಿಡುವ ಹಂತವೂ ಇದೇ.

ಕೆಸರು, ಗದ್ದೆ, ಹೊಳೆನೀರು. ನೇಜಿ ನೆಟ್ಟಿದ್ದೀರಾ, ತೋಟದ ಕಣಿ ಬಿಡಿಸಿದ್ದೀರಾ, ಆಟಿ ತಿಂಗಳ ಕೆಸರುಗದ್ದೆ ಆಟದಲ್ಲಿ ಇಳಿದಿದ್ದೀರಾ, ನೆರೆನೀರಲ್ಲಿ ಬರಿಗಾಲಲ್ಲಿ ನಡೆದಿದ್ದೀರಾ, ಕೆರೆಯಲ್ಲಿ ಮುಳುಗಿ ನೀರು ಕುಡಿದಿದ್ದೀರಾ ಎಂಬುದನ್ನು ಬರೆಯಿರಿ. ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆಯ ರೋಗಾಣು ಮಣ್ಣು, ನೀರಿನಲ್ಲಿ ಇರುತ್ತದೆ. 1912ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ಉಡುಪಿ, ದಕ್ಷಿಣ ಕನ್ನಡದಲ್ಲಿ ಇದು ಇದೆ ಎಂಬುದನ್ನು ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರು ಹಲವು ವರ್ಷಗಳಿಂದ ದಾಖಲಿಸುತ್ತ ಬಂದಿದ್ದಾರೆ. ಕಾಲಿನ ಗಾಯದ ಮೂಲಕವೋ ಗಾಳಿಮಳೆಯಲ್ಲಿ ಉಸಿರಿನ ಮೂಲಕವೋ ಒಳಹೊಕ್ಕು ಸಾಮಾನ್ಯವಾಗಿ 1ರಿಂದ 21 ದಿನಗಳಲ್ಲಿ ಕಾಯಿಲೆ ತರುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಏಳುತ್ತದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಅತಿಯಾದ ಕುಡಿತ ಇರುವವರಿಗೆ ಅಪಾಯ ಹೆಚ್ಚು.

ಇದು ಬೇರೆ ಕಾಯಿಲೆಯ ವೇಷದಲ್ಲಿ ಬರುತ್ತದೆ. ಒಬ್ಬರಲ್ಲಿ ಎರಡೇ ದಿನದಲ್ಲಿ ತೀವ್ರ ನ್ಯುಮೋನಿಯಾ, ಇನ್ನೊಬ್ಬರಲ್ಲಿ ತೂಕ ಇಳಿದು ಸಂಜೆ ಜ್ವರ ಬಂದು ಥೇಟ್ ಕ್ಷಯದಂತೆ. ಯಕೃತ್ತು, ಗುಲ್ಮದಲ್ಲಿ ಕೀವುಗಡ್ಡೆ ಕಟ್ಟಬಹುದು. ಕೆಮ್ಮಿಗೆ ಸಾಮಾನ್ಯವಾಗಿ ಬರೆಯುವ ಅಜಿತ್ರೋಮೈಸಿನ್, ಅಮಾಕ್ಸಿಸಿಲಿನ್‌ಗೆ ಇದು ಬಗ್ಗುವುದಿಲ್ಲ. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್ ಕನಿಷ್ಠ 10ರಿಂದ 14 ದಿನ, ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಸುಮಾರು ಮೂರು ತಿಂಗಳು ಬೇಕಾಗುತ್ತದೆ. ಆರಾಮಾಯಿತು ಎಂದು ಮಾತ್ರೆ ಮಧ್ಯದಲ್ಲೇ ಬಿಟ್ಟವರಲ್ಲಿ ಮರುಕಳಿಸುತ್ತದೆ. ಸಕ್ಕರೆ ಕಾಯಿಲೆ ಇದ್ದು ಗದ್ದೆಗಿಳಿಯುವವರು ಗಮ್‌ಬೂಟು ಹಾಕಿ. ಕಾಲಲ್ಲಿ ಹುಣ್ಣಿದ್ದರೆ ಆ ವರ್ಷ ಕೆಸರಾಟ ಬಿಡಿ.

ಇಲಿ ಓಡಾಡುವ ಜಾಗ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿ ಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್ ಬರುತ್ತದೆ. ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು, ಕೆಂಪು ಕಣ್ಣು, ಆಮೇಲೆ ಕೆಮ್ಮಿನಲ್ಲಿ ರಕ್ತ. ಇಲ್ಲಿ ಶ್ವಾಸಕೋಶದಲ್ಲಿ ತುಂಬುವುದು ರಕ್ತ. ಕಾಮಾಲೆ ಇಲ್ಲದೆಯೂ ಹೀಗಾಗಬಹುದು.

ಪೊದೆ, ಗುಡ್ಡ, ಹುಲ್ಲು. ಚಿಗ್ಗರ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ ಕಚ್ಚಿದರೆ ಸ್ಕ್ರಬ್ ಟೈಫಸ್. ಕಚ್ಚಿದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಟ್ಟುತ್ತದೆ. ಅದು ನೋಯುವುದಿಲ್ಲ, ತುರಿಸುವುದೂ ಇಲ್ಲ. ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ. ಕಂಕುಳು, ತೊಡೆಸಂದು, ಮೊಣಕಾಲಿನ ಹಿಂದೆ, ಸ್ತನದ ಕೆಳಗೆ, ಸೊಂಟದ ಪಟ್ಟಿಯ ಜಾಗ ಬಟ್ಟೆ ಸರಿಸಿ ನೋಡಿ. ಕಂಡರೆ ಫೋಟೋ ತೆಗೆದು ವೈದ್ಯರಿಗೆ ತೋರಿಸಿ. ಡಾಕ್ಸಿಸೈಕ್ಲಿನ್‌ಗೆ ಬೇಗ ಮಣಿಯುವ ಕಾಯಿಲೆಯಿದು, ಗುರುತಿಸದೆ ಹೋದರೆ ಮಾತ್ರ ಶ್ವಾಸಕೋಶವನ್ನೇ ಹಿಡಿಯುತ್ತದೆ.

ಹಕ್ಕಿ, ಹಟ್ಟಿ. ಗಿಳಿ, ಪಾರಿವಾಳದ ಹಿಕ್ಕೆಯ ಧೂಳಿನಿಂದ ಸಿಟಕೋಸಿಸ್, ದನ ಆಡಿನ ಹೆರಿಗೆ ಮಾಡಿಸಿದವರಲ್ಲಿ ಕ್ಯೂ ಜ್ವರ ಬರಬಹುದು. ಬೂಸ್ಟು ಹಿಡಿದ ಬೈಹುಲ್ಲು ಕೊಡವಿದ ನಾಲ್ಕರಿಂದ ಎಂಟು ಗಂಟೆಯಲ್ಲಿ ಜ್ವರ, ಏದುಸಿರು ಬಂದು, ಆ ಕೆಲಸ ಬಿಟ್ಟರೆ ಒಂದೆರಡು ದಿನದಲ್ಲಿ ಇಳಿದು, ಮತ್ತೆ ಮುಟ್ಟಿದಾಗ ಮತ್ತೆ ಬರುತ್ತಿದ್ದರೆ ಅದು ಸೋಂಕಲ್ಲ, ಶ್ವಾಸಕೋಶದ ಅಲರ್ಜಿ. ಆ್ಯಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲ.

ಲಾಡ್ಜ್, ದೊಡ್ಡ ಕಟ್ಟಡ. ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಬೆಳೆದು, ಷವರ್ ಅಥವಾ ದೊಡ್ಡ ಕಟ್ಟಡಗಳ ಕೂಲಿಂಗ್ ಟವರ್‌ನ ತುಂತುರಿನ ಮೂಲಕ ಬರುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಿವೃತ್ತ ಸೈನಿಕರ ಸಮಾವೇಶವೊಂದರಲ್ಲಿ ಇದು ಮೊದಲು ಪತ್ತೆಯಾಯಿತು. ಭೇದಿ, ಗೊಂದಲ, ರಕ್ತದಲ್ಲಿ ಸೋಡಿಯಂ ಇಳಿಯುವುದು ಇದರ ಗುರುತು. ಮನೆಯ ಎಸಿ, ಕಾರಿನ ಎಸಿ ನೀರಿನಿಂದ ತಂಪು ಮಾಡುವುದಿಲ್ಲ, ಈ ಕಾಯಿಲೆಗೆ ಅವನ್ನು ದೂರಬೇಕಿಲ್ಲ.

ದಾರಿ ತಪ್ಪಿದ ಊಟ, ಎಣ್ಣೆ. ಪಾರ್ಶ್ವವಾಯು, ಪಾರ್ಕಿನ್ಸನ್ ಇರುವವರಿಗೆ ಮಲಗಿಸಿ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕಿಳಿಯುತ್ತದೆ. ಕುಡಿಯುವಾಗ ಕೆಮ್ಮು, ಕುಡಿದ ಮೇಲೆ ಗಂಟಲಲ್ಲಿ ನೀರು ಗೊರಗೊರ ಎನ್ನುವ ಸ್ವರ ಇದರ ಗುರುತು. ನೇರ ಕೂರಿಸಿ, ಸಣ್ಣ ಚಮಚದಲ್ಲಿ ಕೊಟ್ಟು, ಆಮೇಲೆ ಅರ್ಧ ಗಂಟೆ ಕೂತೇ ಇರಲಿ. ಇಂಥವರಿಗೆ ತೆಳು ನೀರಿಗಿಂತ ದಪ್ಪ ಗಂಜಿ ನುಂಗಲು ಸುಲಭ. ದಿನಕ್ಕೆ ಎರಡು ಸಲ ಬಾಯಿ ಸ್ವಚ್ಛ ಮಾಡಿ, ರಾತ್ರಿ ಕಟ್ಟುಹಲ್ಲು ತೆಗೆದಿಡಿ.

ಶಿಶುವಿನ ಮೂಗಿಗೆ ತೆಂಗಿನೆಣ್ಣೆ, ತುಪ್ಪ ಬಿಡುವುದನ್ನು ದಯವಿಟ್ಟು ಮಾಡಬೇಡಿ. ಎಣ್ಣೆಗೆ ಕೆಮ್ಮು ಏಳುವುದಿಲ್ಲ, ಅದು ಸದ್ದಿಲ್ಲದೆ ಶ್ವಾಸಕೋಶಕ್ಕಿಳಿದು ಅಲ್ಲೇ ಕೂರುತ್ತದೆ. ಮಗು ಸೀಮೆಎಣ್ಣೆ, ಥಿನ್ನರ್ ಕುಡಿದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗಲೇ ಅದು ಶ್ವಾಸಕೋಶ ಸೇರುವುದು. ಆಸ್ಪತ್ರೆಗೆ ಕೊಂಡೊಯ್ಯಿರಿ. ನೆಲಗಡಲೆ, ಅಡಿಕೆ ಚೂರು, ಹುಣಸೆ ಬೀಜ ಬಾಯಲ್ಲಿದ್ದಾಗ ಮಗು ಒಮ್ಮೆ ಜೋರಾಗಿ ಕೆಮ್ಮಿ ಆಮೇಲೆ ಸುಮ್ಮನಾಗಿದ್ದರೆ ಆ ಘಟನೆ ಬರೆದಿಡಿ, ತಿಂಗಳ ಹಿಂದಿನದಾದರೂ ಸರಿ.

5. ವೈದ್ಯರ ಬಳಿ ಏನು ಹೇಳಬೇಕು, ಏನು ಕೇಳಬೇಕು

ಉಸಿರಿನ ಲೆಕ್ಕ, ಆಕ್ಸಿಜನ್, ಜ್ವರ, ಸಕ್ಕರೆ, ಇವುಗಳ ಸಮಯ ಸಹಿತ ಚೀಟಿ ಕೊಡಿ. ನುಂಗುತ್ತಿರುವ ಎಲ್ಲ ಮಾತ್ರೆ ತೋರಿಸಿ. ಹೃದಯದ ಅಮಿಯೊಡರೋನ್, ಸಂಧಿವಾತದ ಮೆಥೊಟ್ರೆಕ್ಸೇಟ್, ಮೂತ್ರ ಸೋಂಕಿನ ನೈಟ್ರೋಫ್ಯೂರಂಟೋಯಿನ್ ಕೂಡ ಶ್ವಾಸಕೋಶಕ್ಕೆ ಊತ ತಂದು ನ್ಯುಮೋನಿಯಾದಂತೆ ಕಾಣಿಸಬಲ್ಲವು. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಎದೆಯ ಒಂದು ಎಕ್ಸ್‌ರೇಯಿಂದ ಹೊಟ್ಟೆಯ ಮಗುವಿಗೆ ತಗಲುವ ವಿಕಿರಣ ತೀರ ಅಲ್ಪ. ಅದಕ್ಕೆ ಹೆದರಿ ಚಿಕಿತ್ಸೆ ತಡ ಮಾಡುವುದೇ ಹೆಚ್ಚು ಅಪಾಯ.

ಮಂಗಳೂರಿನಲ್ಲಿ ಜ್ವರ ಎಂದರೆ ಮೊದಲು ಮಲೇರಿಯಾ, ಡೆಂಗ್ಯೂ ರಕ್ತಪರೀಕ್ಷೆ. ಅದು ಸರಿಯೇ. ಆದರೆ ಮಲೇರಿಯಾ ಇಲ್ಲ ಎಂಬ ವರದಿಯಿಂದ ಎದೆ ಸ್ವಚ್ಛವಾಗಿದೆ ಎಂದು ಗೊತ್ತಾಗುವುದಿಲ್ಲ. ಮಲೇರಿಯಾ ಇದೆ ಎಂದ ಮಾತ್ರಕ್ಕೆ ನ್ಯುಮೋನಿಯಾ ಇಲ್ಲವೆಂದೂ ಅಲ್ಲ.

ಮೊದಲ ದಿನದ ಎಕ್ಸ್‌ರೇ ಸಹಜವಾಗಿರಬಹುದು, ಲಕ್ಷಣ ಮುಂದುವರಿದರೆ 24ರಿಂದ 48 ಗಂಟೆಯ ನಂತರ ಮತ್ತೆ ತೆಗೆಸಬೇಕಾಗುತ್ತದೆ. ಆಸ್ಪತ್ರೆಗೆ ದಾಖಲಾಗುವಷ್ಟು ಜೋರಿದ್ದರೆ, ಸಕ್ಕರೆ ಕಾಯಿಲೆ ಅಥವಾ ಕೆಸರಿನ ಸಂಪರ್ಕ ಇದ್ದರೆ, “ಆ್ಯಂಟಿಬಯಾಟಿಕ್ ಮೊದಲ ಡೋಸ್‌ಗೆ ಮುಂಚೆ ಬ್ಲಡ್ ಕಲ್ಚರ್ ತೆಗೆಯಬಹುದೇ?” ಎಂದು ಕೇಳಿ. ರಕ್ತದಲ್ಲಿರುವ ರೋಗಾಣುವನ್ನು ಬಾಟಲಿಯಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆಯಿದು. ಔಷಧ ಹೋದ ಮೇಲೆ ತೆಗೆದರೆ ರೋಗಾಣು ಬೆಳೆಯದೆ ಹೋಗಬಹುದು. ಅದೇ ಚೀಟಿಯಲ್ಲಿ ಕೆಸರು, ಗದ್ದೆಯ ವಿಷಯವನ್ನೂ ಬರೆಸಿ, ಏಕೆಂದರೆ ಮೆಲಿಯಾಯ್ಡೋಸಿಸ್ ರೋಗಾಣುವನ್ನು ಪ್ರಯೋಗಾಲಯದಲ್ಲಿ ಸ್ಯೂಡೋಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಎಂದು ತಪ್ಪಾಗಿ ಓದುವುದುಂಟು. ಸ್ಥಿತಿ ಗಂಭೀರವಿದ್ದರೆ ಮಾತ್ರ ಕಲ್ಚರ್‌ಗಾಗಿ ಔಷಧ ತಡ ಮಾಡಿಸಬೇಡಿ.

ಕಫ ಕೊಡುವಾಗ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಿ ತೆಗೆಯಿರಿ. ನೊರೆನೊರೆ ತೆಳುವಾಗಿದ್ದರೆ ಅದು ಜೊಲ್ಲು, ಪ್ರಯೋಜನವಿಲ್ಲ. ಎರಡು ವಾರಕ್ಕೂ ಹೆಚ್ಚು ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು, ಮಂಗಳೂರಿನ ವೆನ್ಲಾಕ್, ಉಡುಪಿ ಜಿಲ್ಲಾಸ್ಪತ್ರೆ ಸೇರಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

6. ಔಷಧ ಶುರುವಾದ ಮೇಲೆ 72 ಗಂಟೆ

ಸರಿಯಾದ ಔಷಧ ಬಿದ್ದರೆ 48ರಿಂದ 72 ಗಂಟೆಯಲ್ಲಿ ಜ್ವರ, ಉಸಿರಿನ ವೇಗ ಇಳಿಯಲು ಶುರುವಾಗಬೇಕು. ಬೆಳಿಗ್ಗೆ, ಸಂಜೆ ಎಣಿಸಿ ಬರೆಯಿರಿ. ಕೆಮ್ಮು, ಸುಸ್ತು ವಾರಗಟ್ಟಲೆ ಉಳಿಯುತ್ತದೆ, ಅದಕ್ಕೆ ಗಾಬರಿ ಬೇಡ. ಉಸಿರಿನ ಲೆಕ್ಕ ಏರುತ್ತಿದ್ದರೆ ಮಾತ್ರ ಮೂರು ದಿನ ಕಾಯದೆ ಅಂದೇ ಹೋಗಿ.

ಇಲ್ಲಿ ಮೂರು ತಪ್ಪು ಮಾಡುವವರು ಬಹಳ. ಮೆಡಿಕಲ್‌ನಿಂದ ಚೀಟಿಯಿಲ್ಲದೆ ಲಿವೋಫ್ಲಾಕ್ಸಾಸಿನ್ ತಂದು ನುಂಗುವುದು ಮೊದಲನೆಯದು. ಅದು ಕ್ಷಯವನ್ನು ಸ್ವಲ್ಪ ದಿನ ಮುಚ್ಚಿಟ್ಟು ಪತ್ತೆಯಾಗುವುದನ್ನೇ ತಡ ಮಾಡುತ್ತದೆ. ಎರಡನೆಯದು ಸ್ಟೀರಾಯ್ಡ್ ಮಾತ್ರೆ. ಜ್ವರ ಇಳಿದು ಹಸಿವೂ ಆಗುತ್ತದೆ, ಒಳಗೆ ಸೋಂಕು ಹರಡುತ್ತಿರುತ್ತದೆ. ಮೂರನೆಯದು ಸಣ್ಣ ಮಕ್ಕಳಿಗೆ ಕೆಮ್ಮಿನ ಸಿರಪ್. ಕಫ ಹೊರಹಾಕಲು ಮಗುವಿಗಿರುವ ದಾರಿ ಕೆಮ್ಮು ಒಂದೇ. ಕಷಾಯ, ಕುಚ್ಚಲಕ್ಕಿ ಗಂಜಿತಿಳಿ ಕೊಡಿ, ಔಷಧದ ಬದಲಿಗಲ್ಲ, ಔಷಧದ ಜೊತೆಗೆ.

7. ಇಳಿಯದಿದ್ದರೆ, ಮತ್ತೆ ಮತ್ತೆ ಬಂದರೆ

ಮೂರು ದಿನದಲ್ಲಿ ಬದಲಾವಣೆ ಇಲ್ಲದಿದ್ದರೆ ಔಷಧ ಬದಲಿಸುವ ಮೊದಲು ಕಾರಣ ಹುಡುಕಬೇಕು: ರೋಗಾಣು ಬೇರೆಯೇ, ಶ್ವಾಸಕೋಶದ ಹೊರಪದರದಲ್ಲಿ ಕೀವು ನಿಂತಿದೆಯೇ, ಕೀವುಗಡ್ಡೆಯೇ, ಕ್ಷಯವೇ, ಅಥವಾ ಹೃದಯದ ವೈಫಲ್ಯ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ನ್ಯುಮೋನಿಯಾದಂತೆ ಕಾಣುತ್ತಿದೆಯೇ? ದುರ್ವಾಸನೆಯ ಕಫ ಕೀವುಗಡ್ಡೆಯನ್ನು ಸೂಚಿಸುತ್ತದೆ. ಪ್ರತಿ ಸಲವೂ ಎಕ್ಸ್‌ರೇಯಲ್ಲಿ ಒಂದೇ ಜಾಗದಲ್ಲಿ ಕಲೆ ಬರುತ್ತಿದ್ದರೆ ಅಲ್ಲಿ ಏನೋ ಅಡ್ಡ ಇದೆ. ಮಕ್ಕಳಲ್ಲಿ ಅದು ಹೆಚ್ಚಾಗಿ ಬೀಜ, ಕಾಳು. ದೊಡ್ಡವರಲ್ಲಿ ಗೆಡ್ಡೆ ಇರಬಹುದು. ಹಳೆಯ ಎಕ್ಸ್‌ರೇಗಳನ್ನು ಎಸೆಯದೆ ಇಟ್ಟಿರಬೇಕಾದ್ದು ಇದಕ್ಕೇ.

ಎಕ್ಸ್‌ರೇಯ ಕಲೆ ಪೂರ್ತಿ ಹೋಗಲು ನಾಲ್ಕರಿಂದ ಆರು ವಾರ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು ಬೇಕು. 50 ದಾಟಿದವರು, ಬೀಡಿ ಸಿಗರೇಟು ಸೇದುವವರು ಎಷ್ಟೇ ಆರಾಮಾಗಿದ್ದರೂ ಸುಮಾರು ಆರು ವಾರಕ್ಕೆ ಮತ್ತೊಂದು ಎಕ್ಸ್‌ರೇ ತೆಗೆಸಲಿ. ಅದೇ ಭೇಟಿಯಲ್ಲಿ 65 ದಾಟಿದವರು, ಸಕ್ಕರೆ, ಹೃದಯ, ದಮ್ಮಿನ ಕಾಯಿಲೆಯವರು ನ್ಯುಮೊಕಾಕಲ್ ಲಸಿಕೆ ಮತ್ತು ವರ್ಷಕ್ಕೊಮ್ಮೆಯ ಫ್ಲೂ ಲಸಿಕೆಯ ಬಗ್ಗೆ ಕೇಳಿ. ಮನೆಯಲ್ಲಿ ಶಿಶುವಿದ್ದರೆ ತಾಯಿ ಕಾರ್ಡ್ ತೆಗೆದು 6 ವಾರ, 14 ವಾರ, 9 ತಿಂಗಳಿನ ಪಿಸಿವಿ (ಶಿಶುಗಳ ನ್ಯುಮೊಕಾಕಲ್) ಲಸಿಕೆ ಮೂರೂ ಆಗಿದೆಯೇ ನೋಡಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದಕ್ಕೆ ಹಣ ಕೊಡಬೇಕಿಲ್ಲ.